ನಾಲ್ಕು ಮಾತ್ರೆ ಕಡಿಮೆ

ಜೂನ್ ೪

ಭಾಮೈದ ಮೇಷ್ಟ್ರಿಗೆ,

ನಾನೂ ನಿನ್ನ ಅಕ್ಕನೂ ಕ್ಷೇಮ. ನೀನೂ ಹಾಗೆಯೇ ಇದ್ದೀಯೆ ಎಂದು ನಂಬುತ್ತೇನೆ. ನಂಬುವುದು ನನ್ನ ಕಸುಬಲ್ಲ, ಆದರೂ ಕಾಗದದಲ್ಲಿ ಹಾಗೆ ಬರೆಯಬೇಕಲ್ಲ.

ಮದುವೆಯಾದಾಗಿನಿಂದ ನಿನಗೊಂದು ಕಾಗದ ಹಾಕದ ಭಾವ ಈಗ ಯಾಕೆ ಬರೆದ ಎಂದು ನೀನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯೆ. ವಿಷಯ ಸಣ್ಣದು. ನೀನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಪದ್ಯ ಕಲಿಸುವವನು. ಪದ್ಯ ಎಂದರೇನು, ಅದರಲ್ಲಿ ಏನೇನಿರುತ್ತದೆ, ಅದನ್ನು ಹೇಗೆ ಕಟ್ಟುತ್ತಾರೆ ಎಂಬುದನ್ನು ಏನೂ ತಿಳಿಯದವನಿಗೆ ಹೇಳುವಂತೆ ಮೊದಲಿನಿಂದ ಬರೆದು ಕಳಿಸು. ಸುಮ್ಮನೆ ತಿಳಿದುಕೊಳ್ಳುವ ಆಸೆ. ಇಷ್ಟು ವರ್ಷ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ಅಂಗಡಿಯ ತಕ್ಕಡಿ, ಬಂಕಿನ ಪಂಪು ಎಂದು ಅಲೆದದ್ದೇ ಆಯಿತು. ಮನುಷ್ಯನಿಗೆ ಬೇರೆ ಜ್ಞಾನವೂ ಬೇಕು.

ಫೋನಿನಲ್ಲಿ ಕೇಳಬಹುದಿತ್ತು. ನಮ್ಮ ಮನೆಯ ಗೋಡೆ ತೆಳು. ಉತ್ತರವನ್ನು ಆಫೀಸಿನ ವಿಳಾಸಕ್ಕೆ ಹಾಕು. ಅಕ್ಕನಿಗೆ ಹೇಳುವ ಅಗತ್ಯವಿಲ್ಲ.

ಇಂತು ನಿನ್ನ ಭಾವ

ಜೂನ್ ೧೧

ಭಾವ, ನಮಸ್ಕಾರ.

ನಿಮ್ಮ ಕಾಗದ ಓದಿ ನನ್ನ ಹೆಂಡತಿ, “ಅವರಿಗೆ ಹುಷಾರಿದೆ ತಾನೆ?” ಎಂದು ಕೇಳಿದಳು. ನನ್ನ ಮದುವೆಯಲ್ಲಿ ನನ್ನ ಗೆಳೆಯರು ಶುಭಾಶಯದ ಪದ್ಯ ಓದುತ್ತಿದ್ದಾಗ ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದವರು ನೀವು. ಇರಲಿ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ನಾನು. ಪಾಠ ಕೇಳಿದ್ದೀರಿ, ಕೊಡುತ್ತೇನೆ.

ನಿಮ್ಮ ಭಾಷೆಯಲ್ಲೇ ಹೇಳುವುದಾದರೆ ಪದ್ಯಕ್ಕೂ ತೂಕವಿದೆ. ಅದರ ಹೆಸರು ಮಾತ್ರೆ. ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲ, ಹೆದರಬೇಡಿ. ಒಂದು ಗಿಡ್ಡ ಅಕ್ಷರವನ್ನು ಉಚ್ಚರಿಸುವಷ್ಟು ಹೊತ್ತು ಒಂದು ಮಾತ್ರೆ, ಅದು ಲಘು. ಉದ್ದ ಅಕ್ಷರ ಎರಡು ಮಾತ್ರೆ, ಅದು ಗುರು. ಮುಂದೆ ಒತ್ತಕ್ಷರ ಬಂದರೆ, ಪಕ್ಕದಲ್ಲಿ ಸೊನ್ನೆ ಇದ್ದರೆ, ಗಿಡ್ಡ ಅಕ್ಷರವೂ ಗುರುವಾಗುತ್ತದೆ. ‘ತಕ್ಕಡಿ’ ತೆಗೆದುಕೊಳ್ಳಿ. ತ ಎರಡು, ಕ್ಕ ಒಂದು, ಡಿ ಒಂದು, ಒಟ್ಟು ನಾಲ್ಕು. ಇಂಥ ನಾಲ್ಕರ ಗುಂಪನ್ನು ಒಂದು ಗಣ ಎನ್ನಬಹುದು. ಸಾಲಿಗೆ ಇಷ್ಟು ಗಣ ಎಂದು ಮೊದಲೇ ಗೊತ್ತು ಮಾಡಿಕೊಂಡು ಬರೆಯುತ್ತಾರೆ. ಸಾಲಿನ ಕೊನೆಯ ಅಕ್ಷರ ಗಿಡ್ಡದಾದರೂ ಎಳೆದು ಎರಡು ಎಂದು ಲೆಕ್ಕ ಹಾಕುವ ರಿಯಾಯಿತಿ ಉಂಟು.

ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿದ್ದರೆ ಪ್ರಾಸ. ಮೂರು ಸಾಲಿನದು ತ್ರಿಪದಿ, ನಾಲ್ಕಿನದು ಚೌಪದಿ, ಆರರದು ಷಟ್ಪದಿ. ಸಾಲಿನ ಲೆಕ್ಕವಿಲ್ಲದೆ ಹರಿಯುತ್ತ ಹೋಗುವುದು ರಗಳೆ. ಯಾವ ಅಳತೆಯೂ ಇಲ್ಲದೆ ಬರೆಯುವವರೂ ಈಗ ಬಹಳ ಇದ್ದಾರೆ. ಅವರ ಮೇಲೆ ನಿಮ್ಮ ಇಲಾಖೆಗೆ ಅಧಿಕಾರವಿಲ್ಲ.

ಅಕ್ಕನಿಗೆ ಹೇಳಬೇಡ ಎಂದದ್ದು ಯಾಕೆ? ಅವಳಿಗೇ ಒಂದು ಪದ್ಯ ಬರೆದು ಬೆರಗುಗೊಳಿಸುವ ಯೋಚನೆಯಾದರೆ ಬಹಳ ಸಂತೋಷ. ಬೇರೆ ಏನಾದರೂ ಇದ್ದರೆ ಏನು ಸಮಾಚಾರ, ಹೇಳಿ.

ನಿಮ್ಮ ಭಾಮೈದ

ಜೂನ್ ೨೫

ಮೇಷ್ಟ್ರೇ,

ಪಾಠ ತಲುಪಿತು. ಕಷ್ಟವೇನಿಲ್ಲ, ಇದು ನಮ್ಮ ಕೆಲಸದಂತೆಯೇ ಇದೆ. ಊಟದ ಬಿಡುವಿನಲ್ಲಿ ಆಫೀಸಿನ ಗೋಡೆಯ ಮೇಲಿರುವ ಸೂಚನೆಗಳನ್ನೆಲ್ಲ ಬೆರಳು ಮಡಚಿ ಎಣಿಸಿದೆ. ಒಂದೂ ಸರಿಯಾದ ಅಳತೆಯಲ್ಲಿಲ್ಲ. ನಮ್ಮ ಗುಮಾಸ್ತ, “ಸಾರ್, ಜಪ ಶುರು ಮಾಡಿದ್ರಾ?” ಅಂದ.

ಇನ್ನೊಂದು ಸಂದೇಹ. ಪದ್ಯದಲ್ಲಿ ‘ನಾನು’ ಎಂದು ಬರುತ್ತದಲ್ಲ, ಅದು ಬರೆದವರೇ ತಾನೆ? ‘ನಾನು ಕಾಯುತ್ತೇನೆ’ ಎಂದು ಹೆಂಗಸೊಬ್ಬಳು ಬರೆದರೆ ಆ ಹೆಂಗಸೇ ಕಾಯುತ್ತಿದ್ದಾಳೆ ಎಂದೇ ಅರ್ಥವೇ? ಬರೆದದ್ದಕ್ಕೆ ಅವರು ಜವಾಬ್ದಾರರೋ ಅಲ್ಲವೋ?

ನೀನು ಹೇಗೂ ಕೇಳುತ್ತೀಯೆ, ಅದಕ್ಕೆ ಹೇಳಿಬಿಡುತ್ತೇನೆ. ನಿನ್ನ ಅಕ್ಕ ಬೆಳಿಗ್ಗೆ ಹೊಲಿಗೆ ಅಂಗಡಿಗೆ ಹೋಗಿ ಕಾಜ ಮಾಡಿ, ಗುಂಡಿ ಹಾಕಿ ಬರುವುದು ನಿನಗೆ ಗೊತ್ತು. ಈ ವರ್ಷದಿಂದ ಗುರುವಾರ ಸಂಜೆ ಲೈಬ್ರರಿಯ ಮಹಡಿಯಲ್ಲಿ ನಡೆಯುವ ಪದ್ಯದ ತರಗತಿಗೂ ಹೋಗುತ್ತಿದ್ದಾಳೆ. ಕಲಿಸುವವರು ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುತ್ತಿದ್ದು ನಿವೃತ್ತರಾದವರು. ಎಲ್ಲರೂ ರಾಯರು, ರಾಯರು ಎನ್ನುತ್ತಾರೆ. ಹೆಂಡತಿ ತೀರಿಕೊಂಡವರಂತೆ. ಇಸ್ತ್ರಿ ಹಾಕಿದ ಅಂಗಿ ಹಾಕುತ್ತಾರೆ. ಹೆಂಡತಿ ಇಲ್ಲದವರ ಅಂಗಿಗೆ ಇಸ್ತ್ರಿ ಹಾಕುವವರು ಯಾರು?

ನಾನು ಏನೂ ಹೇಳುತ್ತಿಲ್ಲ. ಬರೀ ಕೇಳುತ್ತಿದ್ದೇನೆ.

ಭಾವ

ಜುಲೈ ೩

ಭಾವ,

ಅಂಗಿಗೆ ಅವರೇ ಇಸ್ತ್ರಿ ಹಾಕಿಕೊಳ್ಳುತ್ತಾರೆ. ಗಂಡಸರ ಕೈಗೂ ಆ ಪೆಟ್ಟಿಗೆ ಹಿಡಿಯಲು ಬರುತ್ತದೆ, ಪ್ರಯತ್ನ ಪಟ್ಟು ನೋಡಿ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಿಮ್ಮದು ಕಾಮಾಲೆಯಲ್ಲ, ಕಸುಬು. ಪ್ರತಿ ಅಂಗಡಿಯಲ್ಲೂ ಕಳ್ಳತೂಕ ಹುಡುಕಿ ಹುಡುಕಿ ಮನೆಗೂ ಅದೇ ಕಣ್ಣನ್ನು ತರುತ್ತಿದ್ದೀರಿ. ಪದ್ಯದ ‘ನಾನು’ ಬರೆದವರೇ ಆಗಬೇಕಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ‘ನಾನು ನೂರು ವರ್ಷದ ಮರ’ ಎಂದು ಬರೆದಳು. ಅವಳಿಗೆ ಹದಿಮೂರು. ನಾಟಕದವರು ವೇಷ ಹಾಕುವ ಹಾಗೆ ಬರೆಯುವವರೂ ಹಾಕುತ್ತಾರೆ. ಕೆಲವೊಮ್ಮೆ ವೇಷ ಹಾಕಿದ್ದರಿಂದಲೇ ನಿಜ ಹೇಳುವ ಧೈರ್ಯ ಬರುತ್ತದೆ, ಅದು ಬೇರೆ ಮಾತು.

ಇನ್ನು ಅಲಂಕಾರ. ‘ಅವಳ ಮಾತು ಸೂಜಿಯ ಹಾಗೆ’ ಎಂದರೆ ಉಪಮೆ. ‘ಅವಳ ಮಾತೇ ಸೂಜಿ’ ಎಂದರೆ ರೂಪಕ. ಇದೆಲ್ಲದರ ಮೇಲೆ ಧ್ವನಿ ಎಂಬುದೊಂದಿದೆ. ಹೇಳಿದ್ದರ ಹಿಂದೆ ಹೇಳದೆ ಉಳಿದದ್ದು ಕೇಳಿಸುವುದು. ಬಂದ ನೆಂಟರು ಎಷ್ಟು ಹೊತ್ತಾದರೂ ಏಳದಿದ್ದಾಗ ಮನೆಯೊಡತಿ ಕಿಟಕಿ ಕಡೆ ನೋಡಿ, “ಮೋಡ ಆಗಿದೆ” ಎನ್ನುತ್ತಾಳೆ. ಅದು ಹವಾಮಾನ ವರದಿಯಲ್ಲ, ಇನ್ನು ಹೊರಡಿ ಎಂದು. ಒಳ್ಳೆಯ ಪದ್ಯದ ಜೀವ ಇರುವುದೇ ಆ ಹೇಳದ ಮಾತಿನಲ್ಲಿ.

ಇಷ್ಟು ತಿಳಿದುಕೊಂಡು ಒಂದು ಗುರುವಾರ ನೀವೂ ಅಕ್ಕನ ಜೊತೆ ಹೋಗಿ ಕೂತು ಬನ್ನಿ. ಸಂಶಯವೂ ಹೋಗುತ್ತದೆ, ವಾಯುವಿಹಾರವೂ ಆಗುತ್ತದೆ.

ನಿಮ್ಮ ಭಾಮೈದ

ಜುಲೈ ೨೦

ಮೇಷ್ಟ್ರೇ,

ಧ್ವನಿಯ ಪಾಠವನ್ನು ನೀನು ಮೊದಲೇ ಕಳಿಸಬೇಕಿತ್ತು. ಹೇಳದೆ ಉಳಿದದ್ದೇ ಜೀವ ಎಂದು ತಿಳಿಯದೆ ಇಷ್ಟು ವರ್ಷ ಕಳೆದೆನಲ್ಲ. ಈಗ ನಿನ್ನ ಅಕ್ಕ “ಇವತ್ತು ಲೇಟಾಗತ್ತಾ?” ಎಂದರೆ ಅದು ನನ್ನ ಊಟದ ವಿಚಾರವಲ್ಲ ಎಂದು ಗೊತ್ತಾಗುತ್ತಿದೆ. “ಏನಿಲ್ಲ, ಸುಮ್ನೆ ಕೇಳ್ದೆ” ಎಂದರೆ ಏನೋ ಇದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತುಗಳು. ಮೊನ್ನೆ “ಉಪ್ಪು ಸಾಕಾ?” ಎಂದಳು. ಅದರ ಬಗ್ಗೆಯೂ ಯೋಚಿಸುತ್ತ ಕೂತೆ.

ಅವಳ ಪದ್ಯವೊಂದನ್ನು ಲೈಬ್ರರಿಯ ಸೂಚನಾ ಫಲಕದಲ್ಲಿ ಹಾಕಿದ್ದಾರೆ. ಬೇರೆಯವರ ಪದ್ಯಗಳ ನಡುವೆ, ಎಲ್ಲರಿಗೂ ಕಾಣುವಂತೆ. ಬರೆದುಕೊಂಡು ಬಂದೆ.

ಸಂಜೆಯ ಬೆಳಕಿದು ಮೇಜಿನ ಮೇಲೆ
ಅಂಜುತ ಅಂಜುತ ಬರೆಯುವೆ ನಾನು
ಮಂಜಿನ ಗಾಜಿಗೆ ಬೆರಳಲಿ ಗೀರಿ
ಮುಂಜಾನೆವರೆಗು ಕಾಯುವೆ

ನಾಲ್ಕು ಸಾಲು, ಚೌಪದಿ. ಎರಡನೇ ಅಕ್ಷರ ಎಲ್ಲ ಕಡೆ ‘ಜ’, ಪ್ರಾಸ ಸರಿ. ಮೊದಲ ಮೂರು ಸಾಲನ್ನು ತೂಗಿದೆ. ನಾಲ್ಕು ನಾಲ್ಕರ ಗಣ, ಸಾಲಿಗೆ ನಾಲ್ಕು ಗಣ, ಕೊನೆಯಲ್ಲಿ ನೀನು ಹೇಳಿದ ರಿಯಾಯಿತಿ, ಒಟ್ಟು ಹದಿನಾರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಕೊನೆಯ ಸಾಲು ಮಾತ್ರ ಹನ್ನೆರಡಕ್ಕೇ ನಿಂತಿದೆ. ನಾಲ್ಕು ಮಾತ್ರೆ ಕಡಿಮೆ.

ಕಬ್ಬಿಣದ ತೂಕದ ಬಟ್ಟಿನ ತಳದಲ್ಲಿ ಒಂದು ತೂತಿರುತ್ತದೆ. ಅದಕ್ಕೆ ಸೀಸ ತುಂಬಿ ತೂಕ ಸರಿಮಾಡಿ, ಮೇಲೆ ನಾವು ಮುದ್ರೆ ಒತ್ತುತ್ತೇವೆ. ಕಳ್ಳ ವ್ಯಾಪಾರಿ ಆ ಸೀಸವನ್ನು ಕೆರೆದು ತೆಗೆಯುತ್ತಾನೆ. ಮೇಲಿಂದ ನೋಡಿದರೆ ಬಟ್ಟು ಬಟ್ಟಿನಂತೆಯೇ ಇರುತ್ತದೆ. ನಾನು ಕೈಯಲ್ಲಿ ಹಿಡಿದ ಕೂಡಲೇ ಹೇಳಬಲ್ಲೆ. ಈ ಸಾಲನ್ನು ಓದಿದಾಗಲೂ ಹಾಗೆಯೇ ಆಯಿತು. ಇಲ್ಲಿದ್ದುದನ್ನು ಯಾರೋ ತೆಗೆದಿದ್ದಾರೆ. ‘ಕಾಯುವೆ’ ಎಂದ ಮೇಲೆ ಏನು ಬರಬೇಕು? ಯಾರನ್ನು ಎಂಬುದು ಬರಬೇಕು. ‘ರಾಯರ’ ಎಂದು ಹಾಕಿ ನೋಡು. ರಾ ಎರಡು, ಯ ಒಂದು, ರ ಒಂದು, ನಾಲ್ಕು. ಮುಚ್ಚಳದಂತೆ ಕೂರುತ್ತದೆ.

ಹೇಳದೆ ಕೇಳದೆ ಹೋಗುವುದೇ ನಮ್ಮ ತಪಾಸಣೆಯ ಗುಟ್ಟು. ಮನೆಗೂ ಹಾಗೆ ಬರಲು ಶುರು ಮಾಡಿ ಬಹಳ ದಿನವಾಯಿತು. ಒಮ್ಮೆ ಮಧ್ಯಾಹ್ನ, ಒಮ್ಮೆ ಸಂಜೆ ಬೇಗ. ನಾನು ಒಳಗೆ ಹೋಗುವಷ್ಟರಲ್ಲಿ ಅವಳು ಒಲೆಯ ಮುಂದೆ ನಿಂತಿರುತ್ತಾಳೆ. ಮೇಜು ಖಾಲಿ, ಕುರ್ಚಿ ಮಾತ್ರ ಅಡ್ಡಾದಿಡ್ಡಿ. ‘ಅಂಜುತ ಅಂಜುತ’ ಎಂದು ಅವಳೇ ಬರೆದಿದ್ದಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಬರುವ ಗುರುವಾರ ನಿನ್ನ ಮಾತಿನಂತೆ ನಾನೂ ಹೋಗುತ್ತೇನೆ. ಆಮೇಲೆ ಅವಳು ಹೋಗುವುದು ನಿಲ್ಲುತ್ತದೆ.

ಭಾವ

ಜುಲೈ ೨೩

ಭಾವ,

ಹೋಗಬೇಡಿ. ಹಿಂದಿನ ಕಾಗದದಲ್ಲಿ ಹೋಗಿ ಎಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಇದು ಗುರುವಾರದೊಳಗೆ ತಲುಪಲಿ ಎಂದು ದುಡ್ಡು ಹೆಚ್ಚು ಕೊಟ್ಟು ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ.

ನಾಲ್ಕು ಮಾತ್ರೆಯ ಪದ ಬೇಕೆಂದರೆ ಬೇಕಾದಷ್ಟಿವೆ. ‘ಪೊರಕೆಯು’ ನಾಲ್ಕು. ‘ಆಮೆಯು’ ನಾಲ್ಕು. ‘ಬಕೆಟ್ಟು’ ನಾಲ್ಕು. ನಿಮ್ಮ ‘ತಕ್ಕಡಿ’ಯೂ ನಾಲ್ಕೇ. ‘ಭಾಮೈದ’ ಎಂದರೆ ಐದಾಗುತ್ತದೆ, ನಾನು ಬಚಾವು. ಅಳತೆಗೆ ಹೊಂದಿದ್ದೆಲ್ಲ ಸಾಕ್ಷಿಯಾಗುವುದಾದರೆ ನಾಳೆ ಯಾರ ಚಪ್ಪಲಿ ಯಾರ ಕಾಲಿಗೆ ಹೊಂದಿದರೂ ಜೈಲೇ. ಬರೆಯುವವರು ಬೇಕೆಂದೇ ಸಾಲನ್ನು ಗಿಡ್ಡ ಮಾಡಿ ನಿಲ್ಲಿಸುವುದುಂಟು. ಅಲ್ಲಿ ಓದುವವನು ಉಸಿರೆಳೆದುಕೊಳ್ಳಲಿ ಎಂದು.

ಇನ್ನೊಂದು ಮಾತು. ‘ನಿಮ್ಮನು’. ನಿ ಎರಡು, ಮ್ಮ ಒಂದು, ನು ಒಂದು. ಅದೂ ನಾಲ್ಕು. ‘ಮುಂಜಾನೆವರೆಗು ಕಾಯುವೆ ನಿಮ್ಮನು.’ ಅಕ್ಕ ನೀವು ಎನ್ನುವುದು ಮನೆಯಲ್ಲಿ ಯಾರಿಗೆ? ಆ ಪದವನ್ನು ಹಾಕಿ ನೋಡಬೇಕು ಎಂದು ನಿಮಗೆ ಒಂದು ಸಲವೂ ಅನ್ನಿಸಲಿಲ್ಲವಲ್ಲ, ಅದೇ ನನಗೆ ಬೇಸರ.

ಬೇಸರಕ್ಕಿಂತ ಹೆಚ್ಚಾಗಿ ಈಗ ನನಗೂ ಸಂಶಯ ಬಂದಿದೆ. ನಿಮ್ಮ ಮೇಲೆ. ಕೊನೆಯ ಸಾಲನ್ನು ಅಷ್ಟು ತೂಗಿದ್ದೀರಿ. ಎರಡನೇ ಸಾಲನ್ನು ಓದಿದಿರಾ? ನನ್ನ ಅಕ್ಕ ತನ್ನ ಮನೆಯಲ್ಲಿ, ತನ್ನ ಮೇಜಿನ ಮೇಲೆ ನಾಲ್ಕು ಸಾಲು ಬರೆಯಲು ಯಾರಿಗೆ ಅಂಜುತ್ತಿದ್ದಾಳೆ?

ನಿಮ್ಮ ಭಾಮೈದ

ಆಗಸ್ಟ್ ೫

ಪುಟ್ಟಾ,

ನಿನ್ನ ಫೋನು ಬಂದಾಗ ಮಾತನಾಡಲು ಆಗಲಿಲ್ಲ. ಅವರು ಪಕ್ಕದಲ್ಲೇ ಇದ್ದರು. ಹೊಲಿಗೆ ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಭಾವ ತರಗತಿಗೆ ಬಂದರು. ನಿನ್ನ ಕೊನೆಯ ಕಾಗದ ಅಷ್ಟರಲ್ಲಿ ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಆಫೀಸಿನ ಚೀಲ ಹೆಗಲಿಗೆ ಹಾಕಿಕೊಂಡು, ಅಂಗಡಿಗೆ ನುಗ್ಗುವ ಹಾಗೆಯೇ ಬಂದು ಬಾಗಿಲಲ್ಲಿ ನಿಂತರು. ರಾಯರು, “ಬನ್ನಿ, ಕೂತ್ಕೊಳ್ಳಿ” ಎಂದರು. ಕೂರಲಿಲ್ಲ.

“ಫಲಕದಲ್ಲಿರೋ ಇವಳ ಪದ್ಯದಲ್ಲಿ ನಾಲ್ಕು ಮಾತ್ರೆ ಕಡಿಮೆ ಇದೆ. ತೆಗೆದೋರು ಯಾರು?”

“ನಿಮ್ಮ ಲೆಕ್ಕ ಸರಿ ಇದೆ,” ಎಂದರು ರಾಯರು. “ನಾನೂ ಹೇಳ್ದೆ, ತುಂಬಿ ಅಂತ. ಅವರು ಬೇಡ ಅಂದ್ರು.”

“ನಿಮ್ಮನ್ನ ಎಲ್ಲರೂ ಏನಂತ ಕರೀತಾರೆ?”

“ರಾಯರು ಅಂತಾರೆ.”

ನಿನ್ನ ಭಾವ ಬಲಗೈ ಎತ್ತಿ ಬೆರಳು ಮಡಚಿದರು. ರಾ ಎಂದು ಎರಡು, ಯ ಎಂದು ಒಂದು, ರ ಎಂದು ಒಂದು. ಆಮೇಲೆ ಆ ನಾಲ್ಕು ಬೆರಳನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. ಬೇರೆ ಎಲ್ಲಾದರೂ ಆಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿ ಬೆರಳು ಮಡಚುವುದರ ಅರ್ಥ ಗೊತ್ತಿಲ್ಲದವರು ಯಾರಿದ್ದಾರೆ? ನರ್ಸಮ್ಮನಿಗೆ ಗೊತ್ತು, ಬಸ್ ಡ್ರೈವರಿಗೆ ಗೊತ್ತು, ಕಾಲೇಜಿನ ಹುಡುಗಿಯರಿಗೆ ಗೊತ್ತು. ಎಲ್ಲರೂ ತಮ್ಮ ತಮ್ಮ ಕಾಗದ ನೋಡಿಕೊಂಡು ತಲೆ ತಗ್ಗಿಸಿದರು. ರಾಯರ ಕಿವಿ ಕೆಂಪಾಯಿತು. ನನ್ನ ತಂದೆಯ ವಯಸ್ಸಿನವರು ಅವರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಗೆ ಬಂದ ಮೇಲೆ ಅವರು ನಿನ್ನ ಪಾಠಗಳ ಸಂಗತಿ ಹೇಳಿದರು. ನಿನ್ನ ಮೇಲೆ ನನಗೆ ಬಹಳ ಸಿಟ್ಟಿದೆ. ಮಂಗನಿಗೆ ಹೆಂಡ ಕುಡಿಸಿದ ಹಾಗೆ ಸಂಶಯದ ಮನುಷ್ಯನಿಗೆ ಧ್ವನಿ ಕಲಿಸಿದ್ದೀಯಲ್ಲ. ಈಗ ನಾನು ಉಪ್ಪು ಎನ್ನಲೂ ಯೋಚಿಸಬೇಕು.

ಅಲ್ಲಿ ಏನಿತ್ತು ಎಂದು ನಿನಗೆ ಹೇಳುತ್ತೇನೆ. ಆ ಪದ್ಯ ಬರೆದ ದಿನ ಅವರು ರಾತ್ರಿ ದೂರದ ಊರಿನಲ್ಲೇ ಉಳಿದು ಮರುದಿನ ಬೆಳಿಗ್ಗೆ ಬರುತ್ತೇನೆ ಎಂದು ಹೋಗಿದ್ದರು. ಇಡೀ ಸಂಜೆ ನನ್ನದು. ಮೇಜಿನ ಮುಂದೆ ಕೂತು ಒಂದೇ ಉಸಿರಿಗೆ ಮೂರೂವರೆ ಸಾಲು ಬಂತು. ‘ಕಾಯುವೆ’ ಎಂದು ಬರೆದೆ, ಗೇಟಿನ ಚಿಲಕ ಸದ್ದಾಯಿತು. ಪೆನ್ನು ಮುಚ್ಚಿ, ಕಾಗದವನ್ನು ಬಟ್ಟೆಯ ಕೆಳಗೆ ತಳ್ಳಿ, ಒಲೆ ಹಚ್ಚಿದೆ. ಅವರು ಒಳಗೆ ಬಂದು ಮೊದಲು ಮೇಜು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಮರುದಿನ ಆ ಸಾಲು ಮುಗಿಸಲು ಕೂತೆ. ಮೊದಲು ‘ನಿಮ್ಮನು’ ಎಂದು ಹಾಕಿದೆ. ಅವರನ್ನು ನೆನೆದೇ ಹಾಕಿದೆ. ಮಾತ್ರೆ ಸರಿಹೋಯಿತು, ಮಾತು ಸುಳ್ಳಾಯಿತು. ಗೇಟು ಸದ್ದಾದಾಗ ನನ್ನ ಎದೆ ಹೊಡೆದುಕೊಂಡದ್ದು ಕಾಯುವವರ ಎದೆಯ ಹಾಗಲ್ಲ, ಪುಟ್ಟ. ಅದನ್ನು ಹೊಡೆದು ಹಾಕಿ ಬೇರೆ ಏನೇನೋ ಹಾಕಿ ನೋಡಿದೆ, ಯಾವುದೂ ನಿಲ್ಲಲಿಲ್ಲ. ಕಡೆಗೆ ಹಾಗೇ ಬಿಟ್ಟೆ. ಅಲ್ಲಿ ಯಾರ ಹೆಸರೂ ಇಲ್ಲ. ಅಲ್ಲಿರುವುದು ಅವರು ಬಂದದ್ದು.

ಇದನ್ನು ನಾನು ಅವರಿಗೆ ಹೇಳಿಲ್ಲ. ಹೇಳಿದರೆ ಅದನ್ನೂ ತೂಗುತ್ತಾರೆ. ಪಾಠ ಶುರು ಮಾಡಿದವನು ನೀನು, ಮುಗಿಸುವವನೂ ನೀನೇ ಆಗು. ನಾನಂತೂ ತರಗತಿಗೆ ಹೋಗುವುದನ್ನು ಬಿಟ್ಟೆ. ಅವರು ಬೇಡ ಎಂದದ್ದಕ್ಕಲ್ಲ, ಆ ಜನರಿಗೆ ಮುಖ ತೋರಿಸಲಾರೆ. ಬರೆಯುವುದನ್ನೂ ಬಿಡುತ್ತೇನೋ ಏನೋ.

ಅಕ್ಕ

ಆಗಸ್ಟ್ ೯

ಭಾವ,

ಇದರ ಜೊತೆ ಅಕ್ಕನ ಕಾಗದವನ್ನು ಹಾಗೆಯೇ ಇಟ್ಟಿದ್ದೇನೆ. ನಾನು ನನ್ನ ಮಾತಿನಲ್ಲಿ ಹೇಳಿದರೆ ಮೆತ್ತಗೆ ಮಾಡಿಬಿಡುತ್ತೇನೆ ಎಂಬ ಭಯ. ಇದರ ಹಿಂದೆ ಧ್ವನಿ ಹುಡುಕಬೇಡಿ. ಬರೆದದ್ದಷ್ಟೇ ಅರ್ಥ.

ನನ್ನ ಬಳಿ ಬೇರೆ ಪಾಠವಿಲ್ಲ.

ನಿಮ್ಮ ಭಾಮೈದ

ಸೆಪ್ಟೆಂಬರ್ ೧೮

ಪ್ರೀತಿಯ ಭಾಮೈದನಿಗೆ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಏನು ಬರೆಯುವುದೆಂದು ತಿಳಿಯಲಿಲ್ಲ. ನನಗೆ ನಾಚಿಕೆಯಾಗಿದೆ. ಅದನ್ನು ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ರಾಯರ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಬಾಗಿಲು ತೆಗೆದಾಗ ಅವರ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ಕೂರಿಸಿ ನೀರು ಕೊಟ್ಟರು. ಹೊರಡುವಾಗ, “ಮಾತ್ರೆ ಲೆಕ್ಕ ಚೆನ್ನಾಗಿ ಕಲ್ತಿದ್ದೀರಿ” ಎಂದರು. ಹೊಗಳಿದರೋ ಕೆನ್ನೆಗೆ ಬಾರಿಸಿದರೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ, ಆಮೇಲೆ ಬಿಟ್ಟೆ. ತರಗತಿಯಲ್ಲಿ ನಿನ್ನ ಅಕ್ಕನ ಕುರ್ಚಿಯಲ್ಲಿ ಇನ್ನೂ ಬೇರೆಯವರನ್ನು ಕೂರಿಸಿಲ್ಲ ಎಂದೂ ಹೇಳಿದರು. ಅದನ್ನು ಅವಳಿಗೆ ತಿಳಿಸಿದೆ. “ಹೂಂ” ಎಂದಳು. ಇನ್ನೂ ಹೋಗಿಲ್ಲ.

ಅವಳು ನಿನಗೆ ಬರೆದದ್ದನ್ನು ನಾನು ಓದಿದ್ದೇನೆ ಎಂದು ಅವಳಿಗೆ ಗೊತ್ತು. ಅದರ ಬಗ್ಗೆ ನಾವಿಬ್ಬರೂ ಮಾತನಾಡಿಲ್ಲ. ನಾನು ಮಾಡಿದ್ದು ಒಂದೇ. ಬೆಳಿಗ್ಗೆ ಹೊರಡುವಾಗ, “ಏಳು ಗಂಟೆಗೆ ಬರ್ತೀನಿ” ಎನ್ನುತ್ತೇನೆ. ಏಳಕ್ಕೇ ಬರುತ್ತೇನೆ. ಮೊದಲ ವಾರ ಅವಳು ಅದನ್ನು ನಂಬಲಿಲ್ಲ. ಐದಕ್ಕೇ ಒಲೆಯ ಮುಂದೆ ನಿಲ್ಲುತ್ತಿದ್ದಳಂತೆ, ಪಕ್ಕದ ಮನೆಯವರು ಹೇಳಿದರು. ಅವರನ್ನು ಕೇಳಿದ್ದೂ ತಪ್ಪೇ. ಈಗ ಕೇಳುವುದಿಲ್ಲ.

‘ನಿಮ್ಮನು’ ಎಂದು ಬರೆದು ಹೊಡೆದು ಹಾಕಿದಳಂತಲ್ಲ. ಬರೆದದ್ದಕ್ಕೆ ಸಂತೋಷ ಪಡಲೋ, ಹೊಡೆದದ್ದಕ್ಕೆ ಅಳಲೋ ತಿಳಿಯುತ್ತಿಲ್ಲ. ತೂಕ ಕಡಿಮೆ ಇದ್ದರೆ ಸೀಸ ತುಂಬಿ ಮುದ್ರೆ ಒತ್ತುವುದು ನನ್ನ ಕೆಲಸ. ಇದಕ್ಕೆ ನಾನು ಏನು ತುಂಬಿದರೂ ಸುಳ್ಳಾಗುತ್ತದೆ.

ಇವತ್ತು ತಪಾಸಣೆ ಬೇಗ ಮುಗಿಯಿತು. ನಮ್ಮ ಬೀದಿಯ ತಿರುವಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಂದ ನಮ್ಮ ಅಡುಗೆಮನೆಯ ಕಿಟಕಿ ಕಾಣುತ್ತದೆ. ಇದೂ ಕಾವಲೇ ಎಂದು ನೀನು ಅಂದರೆ ಇಲ್ಲ ಎನ್ನಲಾರೆ, ಅಭ್ಯಾಸ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಈಗಷ್ಟೇ ಒಳಗೆ ದೀಪ ಹತ್ತಿತು. ಬರೆಯುತ್ತಿದ್ದಾಳೋ ಸುಮ್ಮನೆ ಕೂತಿದ್ದಾಳೋ ಗೊತ್ತಿಲ್ಲ. ಹೋಗಿ ನೋಡಬೇಕು ಎನ್ನಿಸುತ್ತದೆ. ನೋಡಲು ಹೋದರೆ ನಿಲ್ಲಿಸುತ್ತಾಳೆ.

ಗಂಟೆ ಆರೂಕಾಲು. ಏಳಕ್ಕೆ ಹೋಗುತ್ತೇನೆ.

ನಿನ್ನ ಭಾವ